ಬರೆಯುವವರು ಬರೆಯಲ್ಲ ಅಂತ ಕೂತರೆ ಟಿವಿಯಲ್ಲಿ ಏನು ಬರುತ್ತೆ?

ಹೋದ ಸಂಚಿಕೆಯಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಾ, 2023ರಲ್ಲಿ ಅಮೆರಿಕದ ಚಿತ್ರಕಥೆ ಲೇಖಕರು 148 ದಿನ ಮುಷ್ಕರ ಮಾಡಿದ್ದನ್ನು ಒಂದೇ ಸಾಲಿನಲ್ಲಿ ಹೇಳಿದ್ದೆ. ಅದೊಂದು ಸಾಲು ಹಿಡಿದುಕೊಂಡು ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆಯಿಂದ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಅಕ್ಕಾರ, ಅಮೆರಿಕದಲ್ಲಿ ಆದಂಗ ನಮ್ಮಲ್ಲೂ ಧಾರಾವಾಹಿ ಬರೆಯೋರು ಮುಷ್ಕರ ಮಾಡಿದ್ರೆ ಸಂಜೆ ಆರರಿಂದ ಹತ್ತರತನಕ ನಾವು ಏನು ನೋಡಬೇಕು? ನಮ್ಮ ಅತ್ತೆಯವರಿಗೆ ಒಂದು ದಿನ ಕರೆಂಟ್ ಹೋದ್ರೇ ಸಮಾಧಾನ ಇರಲ್ಲ.
– ಗೃಹಿಣಿ, ಜಮಖಂಡಿ

ತಂಗಿ, ನಿಮ್ಮ ಅತ್ತೆಯವರಿಗೆ ಧೈರ್ಯ ಹೇಳಿ. ಟಿವಿ ಖಾಲಿ ಇರುವುದಿಲ್ಲ. ಖಾಲಿ ಬಿಟ್ಟರೆ ಜಾಹೀರಾತು ಎಲ್ಲಿ ಹಾಕುತ್ತಾರೆ?

ಆದರೆ ನಮ್ಮ ದಿನದ ಧಾರಾವಾಹಿಗಳಷ್ಟು ಬೇಗ ಮುಷ್ಕರದ ಬಿಸಿ ತಟ್ಟುವ ವಸ್ತು ಇನ್ನೊಂದಿಲ್ಲ. ಯಾಕೆ ಅಂತ ಹೇಳುತ್ತೇನೆ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಇವತ್ತು ಶೂಟಿಂಗ್ ಆಗುವ ಸೀನಿನ ಮಾತು ಇವತ್ತು ಬೆಳಿಗ್ಗೆ ವಾಟ್ಸಾಪಿನಲ್ಲಿ ಸೆಟ್ಟಿಗೆ ಬರುವುದೂ ಉಂಟು. ಗುರುವಾರ ಟಿಆರ್‌ಪಿ ಬರುತ್ತದೆ. ಅದು ಇಳಿದಿದ್ದರೆ ಮುಂದಿನ ವಾರದ ಕಥೆಯೇ ಬದಲು: ಊರು ಬಿಟ್ಟು ಹೋಗಿದ್ದ ಸೊಸೆ ವಾಪಸ್ ಬರುತ್ತಾಳೆ, ಸತ್ತು ಹೋಗಿದ್ದವನು ಬದುಕಿರುತ್ತಾನೆ, ಯಾರಿಗೋ ನೆನಪು ಹೋಗುತ್ತದೆ. ಹೀಗೆ ಬರೆಯುವ ಕೆಲಸದಲ್ಲಿ ಆರು ತಿಂಗಳ ದಾಸ್ತಾನು ಎಲ್ಲಿಂದ ಬರಬೇಕು? ಚಿತ್ರೀಕರಣ ಮುಗಿದು ಕೈಯಲ್ಲಿರುವ ಕಂತುಗಳು ಕೆಲವೇ ದಿನಕ್ಕೆ ಸಾಕಾಗುತ್ತವೆ.

ಅಷ್ಟಾದ ಮೇಲೆ ಏನು? ಅದನ್ನು ನಾವೆಲ್ಲ ಒಮ್ಮೆ ಕಣ್ಣಾರೆ ನೋಡಿದ್ದೇವೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶೂಟಿಂಗ್ ನಿಂತಿತಲ್ಲ, ಅದು ಮುಷ್ಕರ ಅಲ್ಲ, ನಿಜ. ಆದರೆ ನೋಡುವವರಿಗೆ ಆದದ್ದು ಅದೇ. ಮೊದಲು ಹಳೇ ಕಂತುಗಳು ಬಂದವು. ದೂರದರ್ಶನ 1987ರ ರಾಮಾಯಣವನ್ನು ಮಾರ್ಚ್ 28ರಿಂದ ಮತ್ತೆ ಹಾಕಿತು, ದೇಶವೇ ಕೂತು ನೋಡಿತು. ಆಮೇಲೆ ಡಬ್ಬಿಂಗ್ ಬಂತು. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅಂತ ದಶಕಗಳ ಕಾಲ ಜಗಳ ನಡೆದಿತ್ತು, 2015ರಲ್ಲಿ ಸ್ಪರ್ಧಾ ಆಯೋಗ (ವ್ಯಾಪಾರದಲ್ಲಿ ಪೈಪೋಟಿಗೆ ಯಾರೂ ಅಡ್ಡಿ ಮಾಡದಂತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಹಾಗೆ ತಡೆಯುವಂತಿಲ್ಲ ಅಂತ ಹೇಳಿದ ಮೇಲೂ ಧಾರಾವಾಹಿಗಳವರು ಹಿಂದೇಟು ಹಾಕುತ್ತಲೇ ಇದ್ದರು. ಲಾಕ್‌ಡೌನಿನಲ್ಲಿ ಮಾತ್ರ ಬಾಗಿಲು ತೆರೆದೇ ಹೋಯಿತು. ಸ್ಟಾರ್ ಸುವರ್ಣದಲ್ಲಿ ಹಿಂದಿಯ ಮಹಾಭಾರತ ಕನ್ನಡ ಮಾತಾಡಿತು. ಜುಲೈನಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರ್ ಅವರ ಬದುಕಿನ 'ಮಹಾನಾಯಕ' ಶುರುವಾಯಿತು. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಅದಕ್ಕೆ ಫ್ಲೆಕ್ಸ್ ಕಟ್ಟಿದ್ದರು. ಧಾರಾವಾಹಿಗೆ ಊರ ಬಾಗಿಲಲ್ಲಿ ಫ್ಲೆಕ್ಸ್! ನಾನಂತೂ ಅದಕ್ಕೆ ಮೊದಲು ಕಂಡಿರಲಿಲ್ಲ.

ಡಬ್ಬಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಮಹಾನಾಯಕ ನಾನೂ ತಪ್ಪದೆ ನೋಡಿದೆ. ನಾನು ಹೇಳುವುದು ಇಷ್ಟೇ. ತೆರೆಯ ಮೇಲೆ 'ಇವತ್ತು ಮುಷ್ಕರ' ಅಂತ ಯಾರೂ ಬೋರ್ಡು ಹಾಕುವುದಿಲ್ಲ. ಆ ಜಾಗಕ್ಕೆ ಸುಮ್ನೆ ಬೇರೆ ಏನೋ ಬಂದು ಕೂರುತ್ತದೆ. ಕಡಿಮೆ ಖರ್ಚಿನಲ್ಲಿ ಬಂದು ಕೂತದ್ದು ಮುಷ್ಕರ ಮುಗಿದ ಮೇಲೆ ಎದ್ದು ಹೋಗುತ್ತದೆ ಅಂತಲೂ ಇಲ್ಲ. 2020ರ ಜೂನ್ ಹೊತ್ತಿಗೆ ಕನ್ನಡ ಧಾರಾವಾಹಿಗಳ ಹೊಸ ಕಂತು ಮತ್ತೆ ಶುರುವಾದವು, ಡಬ್ಬಿಂಗ್ ಹಾಗೇ ಉಳಿಯಿತು ಅಲ್ವಾ?

ನಿಜವಾದ ಮುಷ್ಕರವೇ ಬೇಕು ಅಂದರೆ ಅದಕ್ಕೂ ಉದಾಹರಣೆ ಇದೆ. 2008ರ ನವೆಂಬರಿನಲ್ಲಿ ಮುಂಬೈಯಲ್ಲಿ ಕಾರ್ಮಿಕರ ಒಕ್ಕೂಟಕ್ಕೂ ನಿರ್ಮಾಪಕರಿಗೂ ಕೂಲಿ ವಿಷಯಕ್ಕೆ ಜಗ್ಗಾಟ ಆಗಿ ಹಿಂದಿ ಧಾರಾವಾಹಿಗಳು ನಿಂತವು, ಚಾನೆಲ್ಲುಗಳು ಹಳೇ ಕಂತುಗಳನ್ನೇ ತಿರುಗಿಸಿ ಹಾಕಿದವು. ಹಿಂದಿ ನೋಡುವ ನಿಮ್ಮ ಅತ್ತೆಯವರ ವಾರಿಗೆಯವರನ್ನು ಕೇಳಿ, ನೆನಪಿದ್ದರೂ ಇರಬಹುದು.

ಮೇಡಂ, ಮುಷ್ಕರ ಇದ್ದಾಗಲೇ ಬಾರ್ಬಿ, ಓಪನ್‌ಹೈಮರ್ ಎರಡೂ ಬಂದವು. ನಾವು ಹುಡುಗರೆಲ್ಲ ಸೇರಿ ನೋಡಿದೆವು. ಹಾಗಾದರೆ ಮುಷ್ಕರದಿಂದ ಸಿನಿಮಾಕ್ಕೆ ಏನೂ ಆಗಲಿಲ್ಲ ಅಂತ ಅಲ್ಲವೇ?
– ಪದವಿ ವಿದ್ಯಾರ್ಥಿ, ವಿಜಯಪುರ

ಒಳ್ಳೆಯ ಪ್ರಶ್ನೆ. ಅವೆರಡೂ 2023ರ ಜುಲೈ 21ಕ್ಕೆ ಬಂದವು. ಲೇಖಕರ ಮುಷ್ಕರ ಶುರುವಾಗಿದ್ದು ಮೇ 2ಕ್ಕೆ. ಆ ಚಿತ್ರಗಳ ಬರವಣಿಗೆ, ಶೂಟಿಂಗ್ ಎಲ್ಲ ಎಷ್ಟೋ ಮೊದಲೇ ಮುಗಿದಿತ್ತು. ಹಾಗಾಗಿ ನಿಮಗೆ ಏನೂ ಗೊತ್ತಾಗಲಿಲ್ಲ.

ಯಾವುದಕ್ಕೆ ಯಾವಾಗ ಪೆಟ್ಟು ಬೀಳುತ್ತದೆ ಅನ್ನುವುದು ಅದನ್ನು ಎಷ್ಟು ಮೊದಲು ಬರೆದಿಟ್ಟಿರುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ರಾತ್ರಿ ಹೊತ್ತು ಆ ದಿನದ ಸುದ್ದಿ ಇಟ್ಟುಕೊಂಡು ಹಾಸ್ಯ ಮಾಡುವ ಟಾಕ್ ಶೋಗಳಿವೆಯಲ್ಲ, ಅವುಗಳಿಗೆ ಮೊದಲ ದಿನವೇ ಬಿತ್ತು. ಅವತ್ತಿನ ಜೋಕು ಅವತ್ತೇ ಬರೆಯಬೇಕು. ಬರೆಯುವವರು ಬೀದಿಯಲ್ಲಿ ಫಲಕ ಹಿಡಿದು ನಿಂತಿದ್ದಾರೆ. ಶೋಗಳು ಹಳೇ ಕಂತು ಹಾಕಿದವು, ಮತ್ತೆ ಹೊಸದಾಗಿ ಶುರುವಾಗಿದ್ದು ಅಕ್ಟೋಬರಿನಲ್ಲಿ. ವೆಬ್ ಸರಣಿಗಳಿಗೆ ಬಿಸಿ ತಟ್ಟಲು ತಿಂಗಳುಗಳು ಹಿಡಿದವು. ಸಿನಿಮಾಕ್ಕೆ ಇನ್ನೂ ತಡ.

ಜೊತೆಗೆ ಜುಲೈ 14ರಿಂದ ನಟನಟಿಯರೂ ಮುಷ್ಕರಕ್ಕೆ ಇಳಿದರು. 1960ರ ನಂತರ ಇಬ್ಬರೂ ಒಟ್ಟಿಗೆ ಬೀದಿಗೆ ಬಂದಿದ್ದು ಅದೇ ಮೊದಲು. (1960ರಲ್ಲಿ ನಟರ ಸಂಘದ ಅಧ್ಯಕ್ಷರಾಗಿದ್ದವರು ರೊನಾಲ್ಡ್ ರೇಗನ್. ಮುಂದೆ ಅಮೆರಿಕದ ಅಧ್ಯಕ್ಷರಾದರಲ್ಲ, ಅವರೇ. ಮುಷ್ಕರ ಮಾಡಿಸಿದ ಮನುಷ್ಯ!) ಲಂಡನ್ನಿನಲ್ಲಿ ಓಪನ್‌ಹೈಮರ್ ಪ್ರೀಮಿಯರ್‌ಗೆ ಬಂದಿದ್ದ ನಟರು, ಮುಷ್ಕರ ಇನ್ನೇನು ಶುರುವಾಗುತ್ತದೆ ಅಂತ ಗೊತ್ತಾಗಿ, ಫೋಟೋ ತೆಗೆಸಿಕೊಂಡು ಚಿತ್ರ ಶುರುವಾಗುವ ಮೊದಲೇ ಹೊರಟು ಹೋದರು. ಮುಷ್ಕರದಲ್ಲಿರುವ ನಟರು ಪ್ರಚಾರಕ್ಕೂ ಬರುವಂತಿಲ್ಲ. ಅದಕ್ಕೇ ಶೂಟಿಂಗ್ ಮುಗಿದು ಸಿದ್ಧವಾಗಿದ್ದ 'ಡ್ಯೂನ್' ಎರಡನೇ ಭಾಗ ಕೂಡ 2023ರ ನವೆಂಬರಿನಿಂದ 2024ರ ಮಾರ್ಚಿಗೆ ಹೋಯಿತು. ಇನ್ನು ನೀವು ಹುಡುಗರು ಕಾದು ಕಾದು ಸುಸ್ತಾದ 'ಸ್ಟ್ರೇಂಜರ್ ಥಿಂಗ್ಸ್' ಐದನೇ ಸೀಸನ್: ಬರೆಯುವ ಹಂತದಲ್ಲೇ ನಿಂತು, 2024ರ ಜನವರಿಯಲ್ಲಿ ಶೂಟಿಂಗ್ ಶುರುವಾಗಿ, ಕಡೆಗೆ ಬಂದಿದ್ದು 2025ರ ನವೆಂಬರಿನಲ್ಲಿ. ಮೊದಲ ಸೀಸನ್ನಿನಲ್ಲಿ ಚಿಕ್ಕ ಮಕ್ಕಳಾಗಿದ್ದವರು ಅಷ್ಟರಲ್ಲಿ ಗಡ್ಡ ಬಿಡುವ ವಯಸ್ಸಿಗೆ ಬಂದಿದ್ದರು.

ತಡ ಆಗುವುದು ಒಂದೇ ಅಲ್ಲ, ಕೆಲವು ಸಲ ಕಥೆಯೇ ಮೊಟಕಾಗುತ್ತದೆ. ಹಿಂದಿನ ಮುಷ್ಕರ 2007ರ ನವೆಂಬರ್ 5ರಿಂದ 2008ರ ಫೆಬ್ರುವರಿ 12ರವರೆಗೆ ನಡೆಯಿತು. ಆಗಷ್ಟೇ ಶುರುವಾಗುತ್ತಿದ್ದ 'ಬ್ರೇಕಿಂಗ್ ಬ್ಯಾಡ್' ಮೊದಲ ಸೀಸನ್ ಒಂಬತ್ತು ಕಂತು ಬರಬೇಕಿತ್ತು, ಏಳಕ್ಕೇ ನಿಂತಿತು. ಈಗ ಕೂತು ನೋಡುವವರಿಗೆ ಅದು ಏಳೇ ಕಂತಿನ ಸೀಸನ್. ಕಾರಣ ಯಾರೂ ಕೇಳುವುದಿಲ್ಲ.

ಲಕ್ಷಗಟ್ಟಲೆ ಸಂಪಾದಿಸುವವರು ಮುಷ್ಕರ ಮಾಡಿದರೆ ನಾವು ಯಾಕೆ ಮರುಗಬೇಕು? ಕಥೆ ಬರೆದಾಗ ದುಡ್ಡು ತೆಗೆದುಕೊಂಡಿರುತ್ತಾರಲ್ಲ. ನಾನು ಮೂವತ್ತು ವರ್ಷ ಪಾಠ ಹೇಳಿದೆ, ಹಳೇ ವಿದ್ಯಾರ್ಥಿಗಳು ಈಗ ಗಳಿಸುವುದರಲ್ಲಿ ಪಾಲು ಕೇಳಲಿಲ್ಲ.
– ನಿವೃತ್ತ ಶಿಕ್ಷಕರು, ಬೆಳಗಾವಿ

ಗುರುಗಳೇ, ನಿಮ್ಮ ಕೊನೆಯ ಮಾತು ಓದಿ ಜೋರಾಗಿ ನಕ್ಕೆ. ಆದರೆ ನಿಮಗೆ ಪಿಂಚಣಿ ಬರುತ್ತದಲ್ಲ ಗುರುಗಳೇ?

ಅವರು ಕೇಳಿದ್ದೂ ಹೆಚ್ಚುಕಡಿಮೆ ಅದೇ. ಅಲ್ಲಿ ಸುಮಾರು 11,500 ಲೇಖಕರ ಸಂಘ ಅದು. ಅದರಲ್ಲಿ ಕೋಟ್ಯಧಿಪತಿಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹೆಚ್ಚಿನವರಿಗೆ ಮಾತ್ರ ಈ ವರ್ಷ ಕೆಲಸ ಇದ್ದರೆ ಮುಂದಿನ ವರ್ಷ ಇಲ್ಲ. ಅದಕ್ಕೇ ಅವರ ಬರವಣಿಗೆ ಮತ್ತೆ ಮತ್ತೆ ಪ್ರಸಾರ ಆದಾಗಲೆಲ್ಲ ಒಂದು ಸಣ್ಣ ಪಾಲು ಬರುವ ವ್ಯವಸ್ಥೆ ಇದೆ, ರೆಸಿಡ್ಯುಯಲ್ ಅನ್ನುತ್ತಾರೆ. 1960ರ ಮುಷ್ಕರದಲ್ಲಿ ಸಿನಿಮಾಗಳು ಟಿವಿಗೆ ಹೋದಾಗ ಪಾಲು, ಜೊತೆಗೆ ಪಿಂಚಣಿ, ಆರೋಗ್ಯ ನಿಧಿ ಗಿಟ್ಟಿಸಿಕೊಂಡರು. 2007ರಲ್ಲಿ ಇಂಟರ್ನೆಟ್ಟಿನಲ್ಲಿ ತೋರಿಸಿದರೂ ಪಾಲು ಕೊಡಿ ಅಂದರು. ಆಗ ಎಷ್ಟೋ ಜನ ಕಂಪ್ಯೂಟರಿನಲ್ಲಿ ಯಾರು ಸಿನಿಮಾ ನೋಡುತ್ತಾರೆ ಅಂತ ನಕ್ಕಿದ್ದರು. ನೋಡಿ ಈಗ.

2023ರ ಹೊತ್ತಿಗೆ ಒಟಿಟಿ ಬಂದು ಲೆಕ್ಕ ತಲೆಕೆಳಗಾಗಿತ್ತು. ಹಿಂದೆ ಟಿವಿಯಲ್ಲಿ ಒಂದು ಸೀಸನ್ ಅಂದರೆ ಇಪ್ಪತ್ತೆರಡು ಕಂತು, ವರ್ಷದ ಬಹುಪಾಲು ಕೆಲಸ. ಒಟಿಟಿಯಲ್ಲಿ ಎಂಟೋ ಹತ್ತೋ. ಕಡಿಮೆ ಜನರನ್ನು ಕೂರಿಸಿ ಕೆಲವೇ ವಾರದಲ್ಲಿ ಬರೆಸಿ ಕಳಿಸಿಬಿಡುತ್ತಿದ್ದರು. ಸರಣಿಯನ್ನು ಲೋಕವೇ ನೋಡಿದರೂ, ಯಾರೂ ನೋಡದಿದ್ದರೂ ಬರುವ ಪಾಲು ಅಷ್ಟೇ. ಎಷ್ಟು ಜನ ನೋಡಿದರು ಅಂತ ಲೇಖಕರಿಗೆ ಹೇಳುತ್ತಲೂ ಇರಲಿಲ್ಲ. ನಮ್ಮ ಕಡೆ ಹಾಲು ಹಾಕುವವರಿಗೂ ಡೇರಿಯಲ್ಲಿ ಲೀಟರ್, ಫ್ಯಾಟ್ ಎಷ್ಟು ಅಂತ ಚೀಟಿ ಕೊಡುತ್ತಾರೆ. ಇವರಿಗೆ ಅದೂ ಇಲ್ಲ.

ಕೊನೆಗೆ ಆದ ಒಪ್ಪಂದದಲ್ಲಿ ಇಂಥ ಸರಣಿಗೆ ಇಷ್ಟು ಮಂದಿ ಲೇಖಕರಾದರೂ ಇರಲೇಬೇಕು ಅಂತ ಬಂತು. ಸರಣಿ ಬಿಡುಗಡೆಯಾದ 90 ದಿನದೊಳಗೆ ಆ ದೇಶದ ಚಂದಾದಾರರಲ್ಲಿ ಶೇಕಡಾ 20ರಷ್ಟು ವೀಕ್ಷಣೆ ದಾಟಿದರೆ ಬೋನಸ್ ಅಂತಲೂ ಆಯಿತು.

ಮುಷ್ಕರದಲ್ಲಿ ಜಾಸ್ತಿ ನೊಂದವರು ಯಾರು ಅಂತ ನನ್ನನ್ನು ಕೇಳಿದರೆ ಲೇಖಕರು ಅನ್ನುವುದಿಲ್ಲ. ಲೈಟ್ ಹಿಡಿಯುವವರು, ಮೇಕಪ್ಪಿನವರು, ಸೆಟ್ಟಿಗೆ ಊಟ ತರುವವರು, ಡ್ರೈವರುಗಳು. ಇವರು ಏನನ್ನೂ ಕೇಳಿರಲಿಲ್ಲ, ಆದರೂ ಐದಾರು ತಿಂಗಳು ಕೆಲಸ ಹೋಯಿತು. ಅದೇ ಹೊತ್ತಿಗೆ ವಾರ್ನರ್ ಬ್ರದರ್ಸ್ ಡಿಸ್ಕವರಿ ಕಂಪನಿ, ಚಿತ್ರೀಕರಣ ನಿಂತಿದ್ದರಿಂದ ಮೂರು ತಿಂಗಳಲ್ಲಿ ತಮಗೆ 10 ಕೋಟಿ ಡಾಲರ್‌ಗೂ ಹೆಚ್ಚು ಉಳಿಯಿತು ಅಂತ ಷೇರುದಾರರ ಮುಂದೆ ಹೇಳಿಕೊಂಡಿತು. ಮರುಗುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಮುಷ್ಕರ ಅಂದರೆ ಬರೀ ಕೇಳುವವರ ಹಟ ಅಲ್ಲ. ಕೊಡದೆ ಕೂತವರದೂ ಹಟ ಇರುತ್ತದೆ.

ನಾವು ಪಾವರ್‌ಲೂಮ್ ಮಂದಿ. ಮಗ್ಗ ನಿಂತರೆ ಮಾಲಕರಿಗೆ ಅವತ್ತೇ ಬಿಸಿ ತಟ್ಟತೈತಿ. ಬರೆಯೋರು ನಿಂತರೆ ಯಾರಿಗೆ ಏನು? ಈಗ ಮೊಬೈಲಿನಾಗ ಎಐಗೆ ಹೇಳಿದ್ರೆ ಅದೇ ಕಥಿ ಬರೆದುಕೊಡ್ತೈತಲ್ಲ.
– ನೇಕಾರರು, ರಬಕವಿ ಬನಹಟ್ಟಿ

ಅಣ್ಣಾರ, ಅಮೆರಿಕದ ಲೇಖಕರಿಗೂ ಅದೇ ಹೆದರಿಕೆ ಇತ್ತು. ಅದಕ್ಕೇ ಒಪ್ಪಂದದಲ್ಲಿ ಬರೆಸಿಕೊಂಡರು: ಎಐ ಅನ್ನು ಲೇಖಕ ಅಂತ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅದು ಬರೆದದ್ದನ್ನು ಮೂಲಕಥೆ ಅಂತ ತೋರಿಸಿ ಲೇಖಕರ ಸಂಬಳ ಕಡಿಮೆ ಮಾಡುವಂತಿಲ್ಲ, ಎಐ ಬಳಸಲೇಬೇಕು ಅಂತ ಲೇಖಕರನ್ನು ಒತ್ತಾಯಿಸುವಂತಿಲ್ಲ, ಎಐ ಬರೆದದ್ದನ್ನು ಲೇಖಕರ ಕೈಗೆ ಕೊಟ್ಟರೆ ಅದನ್ನು ಹೇಳಿ ಕೊಡಬೇಕು. ಕಂಪನಿ ಒಪ್ಪಿದರೆ ಲೇಖಕರು ತಾವಾಗಿ ಬಳಸಬಹುದು. ಪೂರ್ತಿ ನಿಷೇಧ ಏನಲ್ಲ.

ಎಐ ಕಥೆ ಬರೆಯುತ್ತದೆಯೇ ಅಂದರೆ ಬರೆಯುತ್ತದೆ. ಅದು ಅದ್ಭುತವಾಗಿ ಬರೆದುಬಿಡುತ್ತದೆ ಅನ್ನುವ ಭಯ ನನಗಿಲ್ಲ. 'ಇರಲಿ, ನಡೆಯುತ್ತೆ' ಅನ್ನುವಷ್ಟು ಬರೆಯುತ್ತದೆ, ಚಾನೆಲ್ಲಿಗೆ ಅಷ್ಟೇ ಸಾಕಾಗುತ್ತದೆ ಅನ್ನುವುದೇ ಭಯ. ನಮ್ಮ ಭಾಗದ ಪಾತ್ರಗಳಿಗೆ ಈಗಲೇ ಏನಾಗುತ್ತಿದೆ ನೋಡಿ. ಬೆಂಗಳೂರಿನಲ್ಲಿ ಬರೆದ ಮಾತಿನ ಕೊನೆಗೆಲ್ಲ ಒಂದೊಂದು 'ರೀ' ಅಂಟಿಸಿದರೆ ಉತ್ತರ ಕರ್ನಾಟಕ ಆಯಿತು. ಊಟದಲ್ಲಿ ಒಂದು ರೊಟ್ಟಿ, ತಲೆಗೊಂದು ಪಟಗಾ. ಹುಡುಗ ಮನೆಗೆ ಬಂದು 'ಚಿಕ್ಕಪ್ಪ ಎಲ್ಲೈದಾರ್ರೀ' ಅನ್ನುತ್ತಾನೆ. ಕಾಕಾನನ್ನು ಚಿಕ್ಕಪ್ಪ ಅನ್ನುವ ಹುಡುಗ ಬನಹಟ್ಟಿಯ ಯಾವ ಓಣಿಯಲ್ಲಿದ್ದಾನೆ ಹೇಳಿ? ವಿಜಯಪುರದ ಮಾತು ಬೇರೆ, ಮರಾಠಿ ಬೆರೆತ ಬೆಳಗಾವಿಯ ಮಾತು ಬೇರೆ, ನಿಮ್ಮ ಮಗ್ಗದ ಸದ್ದಿನ ನಡುವೆ ಜೋರಾಗಿ ಕೂಗಿ ಆಡುವ ಮಾತೇ ಬೇರೆ. ಈ ಊರಲ್ಲಿ ಹುಟ್ಟಿ ಬೆಳೆದ ಒಬ್ಬ ಸಂಭಾಷಣೆಕಾರ ಸಿಕ್ಕಾಗ ಮಾತ್ರ ಅದು ತೆರೆಗೆ ಬರುತ್ತದೆ, ಅವತ್ತು ನೀವೂ ನಾನೂ ಟಿವಿ ಮುಂದೆ ಕೂತು 'ಹಾಂ, ಇದು ನಮ್ಮದು' ಅನ್ನುತ್ತೇವೆ. ಎಐ ಕಲಿಯುವುದು ಈಗಾಗಲೇ ಬರೆದಿಟ್ಟ ಮಾತಿನಿಂದ. ನಮ್ಮ ಮಾತು ಬರೆದಿಟ್ಟದ್ದೇ ಕಡಿಮೆ. ಅಂದಮೇಲೆ ಅದು ಕೊಡುವುದೂ ಆ 'ರೀ' ಅಂಟಿಸಿದ ಕನ್ನಡವೇ.

ಮಾಲಕರಿಗೆ ಅವತ್ತೇ ಬಿಸಿ ತಟ್ಟುವುದಿಲ್ಲ ಅನ್ನುವ ನಿಮ್ಮ ಮಾತು ಮಾತ್ರ ಪಕ್ಕಾ. ಲೇಖಕರ ಮುಷ್ಕರ ಅಷ್ಟು ದಿನ ಎಳೆಯುವುದು ಅದಕ್ಕೇ. 1988ರದ್ದು ಐದು ತಿಂಗಳು, 2007ರದ್ದು 100 ದಿನ, 2023ರದ್ದು 148 ದಿನ.

ಮುಷ್ಕರ ಇದ್ದರೂ ರಿಯಾಲಿಟಿ ಶೋ ಯಾಕೆ ನಿಲ್ಲುವುದಿಲ್ಲ? ಅದನ್ನೂ ಬರೆದೇ ಆಡಿಸುತ್ತಾರೆ ಅಂತಾರಲ್ಲ.
– ಓದುಗರು, ಮುಧೋಳ

ಅಮೆರಿಕದಲ್ಲಿ ಅಂಥ ಶೋಗಳ ಬಹುತೇಕ ಕೆಲಸ ಲೇಖಕರ ಸಂಘದ ಒಪ್ಪಂದದೊಳಗೆ ಬರುವುದಿಲ್ಲ, ಅದಕ್ಕೆ ನಿಲ್ಲುವುದಿಲ್ಲ. ಉಲ್ಟಾ ಮುಷ್ಕರದಲ್ಲಿ ಅವುಗಳಿಗೆ ಸುಗ್ಗಿ. ಪ್ರತಿ ವರ್ಷ ಬೇಸಿಗೆಯಲ್ಲಿ ಬರುತ್ತಿದ್ದ 'ಬಿಗ್ ಬ್ರದರ್' 2008ರಲ್ಲಿ ಫೆಬ್ರುವರಿಗೇ ಬಂದುಬಿಟ್ಟಿತು. ನಮ್ಮ ಬಿಗ್ ಬಾಸ್‌ನ ಮೂಲ ಅದೇ ಅನ್ನುವುದು ನಿಮಗೆ ಗೊತ್ತಿದೆ. ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳಿದರೆ ನಮ್ಮ ಮನೆಯಲ್ಲೇ ಜಗಳ ಆಗುತ್ತದೆ, ಬಿಡಿ.

ಹೊಸ ಕಂತು ಬರದೇ ಇದ್ದಾಗ ರೀಚಾರ್ಜ್ ದುಡ್ಡು ಕಡಿಮೆ ಮಾಡುತ್ತಾರಾ?
– ಕಿರಾಣಿ ಅಂಗಡಿಯವರು, ಗೋಕಾಕ

ಇಲ್ಲ. ಲಾಕ್‌ಡೌನಿನಲ್ಲಿ ಹಳೇ ಕಂತು ನೋಡಿದಾಗ ನಿಮ್ಮ ಕೇಬಲ್ಲಿನವರು ದುಡ್ಡು ಬಿಟ್ಟರಾ? ಅಮೆರಿಕದಲ್ಲಂತೂ ಲೇಖಕರ ಮುಷ್ಕರ ಸೆಪ್ಟೆಂಬರ್ 27ಕ್ಕೆ ಮುಗಿಯಿತು, ಅಕ್ಟೋಬರ್ 18ಕ್ಕೆ ನೆಟ್‌ಫ್ಲಿಕ್ಸ್ ಅಲ್ಲಿನ ದರ ಏರಿಸಿತು. ಪ್ರೀಮಿಯಂ ಪ್ಲಾನ್ ತಿಂಗಳಿಗೆ 19.99 ಡಾಲರ್ ಇದ್ದದ್ದು 22.99 ಆಯಿತು. ನಟರ ಮುಷ್ಕರ ಆಗ ಇನ್ನೂ ಮುಗಿದಿರಲೂ ಇಲ್ಲ. ನೀವು ವ್ಯಾಪಾರಸ್ಥರು, ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ವರ್ಷದ ಪ್ಲಾನ್ ಹಾಕಿಸುವ ಬದಲು ನೋಡುವುದು ಇದ್ದಾಗ ಒಂದು ತಿಂಗಳಿಗೆ ಹಾಕಿಸಿ.

ನಾನು ನಮ್ಮ ಊರಿನ ಜಾತ್ರೆಗೆ ನಾಟಕ ಬರೆಯುತ್ತೇನೆ. ಹೋದ ವರ್ಷ ನನ್ನ ನಾಟಕವನ್ನು ಬೇರೆ ಊರವರು ಆಡಿ ಯೂಟ್ಯೂಬಿಗೂ ಹಾಕಿದರು. ಈಗ ಒಬ್ಬರು ಅದನ್ನೇ ಸಿನಿಮಾ ಮಾಡುತ್ತೇವೆ, ಸಹಿ ಹಾಕಿ ಅನ್ನುತ್ತಿದ್ದಾರೆ. ನಮ್ಮಂಥವರು ಮುಷ್ಕರ ಮಾಡಿದರೆ ಯಾರು ಕೇಳುತ್ತಾರೆ?
– ನಾಟಕಕಾರರು, ಬಾದಾಮಿ ತಾಲ್ಲೂಕು

ಬಂದ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ನಿಮ್ಮ ತಾಲ್ಲೂಕಿನ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕಿ ತಿಂಗಳುಗಟ್ಟಲೆ ಆಡುತ್ತವೆ. ಆ ಪೋಸ್ಟರ್ ನೋಡಿ. ನಟಿಯರ ಫೋಟೋ ಎಷ್ಟೇ ದೊಡ್ಡದಿದ್ದರೂ 'ಕವಿ' ಅಂತ ಬರೆದವರ ಹೆಸರು ಹಾಕದೆ ಬಿಡುವುದಿಲ್ಲ. ವಿಜಯಪುರದಲ್ಲಿ ರಂಗಮಂದಿರಕ್ಕೇ ನಾಟಕ ಬರೆದ ಕಂದಗಲ್ ಹನುಮಂತರಾಯರ ಹೆಸರಿದೆ. ಬರೆದವರನ್ನು ನೋಡುವವರು ನೆನಪಿಟ್ಟುಕೊಳ್ಳುವ ಸೀಮೆ ನಮ್ಮದು. ಧಾರಾವಾಹಿ ಟೈಟಲ್ಲಿನಲ್ಲಿ ಸಂಭಾಷಣೆಕಾರರ ಹೆಸರು ಓದುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ.

ಮುಷ್ಕರದ ಮಾತು ನಿಜ. ಒಬ್ಬರೇ ಬರೆಯುವುದನ್ನು ನಿಲ್ಲಿಸಿದರೆ ಅದು ಮುಷ್ಕರ ಅಲ್ಲ, ಬರೀ ನಷ್ಟ. ಅಮೆರಿಕದಲ್ಲಿ ಎಲ್ಲ ಲೇಖಕರಿಗೂ ಒಂದೇ ಕನಿಷ್ಠ ಒಪ್ಪಂದ ಇದೆ, ಅದು ಮುಗಿದಾಗ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಕರಾರು. ಮುಂಬೈಯಲ್ಲಿ ಚಿತ್ರಕಥೆ ಲೇಖಕರ ಸಂಘ ಇದೆ, ಸದಸ್ಯರಾದವರು ತಮ್ಮ ಕಥೆಯನ್ನು ಅಲ್ಲಿ ನೋಂದಾಯಿಸಿ ಇಡಬಹುದು.

ಆದರೆ ಮುಷ್ಕರ ಇಲ್ಲದೆಯೂ ಕಾನೂನು ನಿಮ್ಮ ಕಡೆ ಇರುವ ಕೆಲವು ಜಾಗಗಳಿವೆ. ನೀವು ಬರೆದ ನಾಟಕದ ಹಕ್ಕು ಬರೆದ ಕೂಡಲೇ ನಿಮ್ಮದು, ನೋಂದಣಿ ಆಗಲೇಬೇಕು ಅಂತಿಲ್ಲ, ನಿಮ್ಮ ಕಾಲದ ನಂತರವೂ 60 ವರ್ಷ ಮಕ್ಕಳಿಗೆ ಇರುತ್ತದೆ. ಬೇರೆ ಊರವರು ಆಡಬೇಕಾದರೆ, ಯೂಟ್ಯೂಬಿಗೆ ಹಾಕಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಸಿನಿಮಾದ ವಿಷಯಕ್ಕೆ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಒಂದು ತಿದ್ದುಪಡಿ ಬಂತು, ಹಿಂದಿ ಸಿನಿಮಾಗಳಿಗೆ ಕಥೆ, ಹಾಡು ಬರೆದ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಮಾತಾಡಿದ್ದರು. ಅದರ ಪ್ರಕಾರ ಸಿನಿಮಾದಲ್ಲಿ ಸೇರಿದ ಬರವಣಿಗೆಯನ್ನು ಥಿಯೇಟರಿನ ಹೊರಗೆ, ಅಂದರೆ ಟಿವಿಯಲ್ಲಿ, ಒಟಿಟಿಯಲ್ಲಿ ಬಳಸಿದಾಗ ಬರುವ ರಾಯಧನದಲ್ಲಿ ನಿಮಗೆ ಸಮಪಾಲು. ಆ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಅಂತ ನಿಮ್ಮ ಹತ್ತಿರ ಬರೆಸಿಕೊಂಡರೂ ಅದು ನಡೆಯುವುದಿಲ್ಲ. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಕೈಗೆ ಬರುವುದು ಬೇರೆ ಮಾತು, ದೊಡ್ಡ ದೊಡ್ಡ ಲೇಖಕರೇ ಒದ್ದಾಡುತ್ತಿದ್ದಾರೆ.

ಸಹಿ ಹಾಕುವ ಮೊದಲು ಕರಾರಿನಲ್ಲಿ ಇಷ್ಟು ನೋಡಿ. ಎಷ್ಟು ವರ್ಷಕ್ಕೆ ಕೊಡುತ್ತಿದ್ದೀರಿ ಅಂತ ಬರೆದಿದೆಯೇ? ಏನೂ ಬರೆಯದಿದ್ದರೆ ಕಾನೂನು ಐದು ವರ್ಷ ಅಂತ ಹಿಡಿಯುತ್ತದೆ, ಅದಕ್ಕೇ ಅವರು 'ಶಾಶ್ವತವಾಗಿ' ಅಂತ ಸೇರಿಸಿರುತ್ತಾರೆ. ಯಾವ ಭಾಷೆಗೆ, ರೀಮೇಕ್ ಹಕ್ಕು ಯಾರಿಗೆ, ವೆಬ್ ಸರಣಿ ಮಾಡಿದರೆ ಮತ್ತೆ ದುಡ್ಡು ಇದೆಯೇ? ತೆರೆಯ ಮೇಲೆ ನಿಮ್ಮ ಹೆಸರು ಬರುತ್ತದೆ ಅಂತ ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲೂ ಹಾಕಿಸಿ. ನಾಟಕದ ಮೂಲಪ್ರತಿ ಕೊಡಬೇಡಿ, ಜೆರಾಕ್ಸ್ ಕೊಡಿ. ಬಾಗಲಕೋಟೆಯಲ್ಲಿ ಪರಿಚಯದ ವಕೀಲರಿದ್ದರೆ ಒಮ್ಮೆ ತೋರಿಸಿ, ಅವರು ಓದಿ ಮುಗಿಸುವವರೆಗೆ ಸಹಿ ಹಾಕಬೇಡಿ. ಅವಸರ ಮಾಡಿದರೆ ಈ ವರ್ಷದ ಜಾತ್ರೆ ಮುಗಿಯಲಿ ಅಂತ ಹೇಳಿ.